ಝಡ್ 9 ಬೇಕೇ, ಝಡ್ 8 ಸಾಕೇ?

ನಿಕಾನ್‌ನ ಈ ಎರಡೂ ಕ್ಯಾಮೆರಾಗಳಲ್ಲಿ ಸೆನ್ಸರ್ 45.7 ಮೆಗಾಪಿಕ್ಸೆಲ್‌ನದ್ದೇ. ಎರಡಕ್ಕೂ ಮೆಕ್ಯಾನಿಕಲ್ ಶಟರ್ (ಸೆನ್ಸರ್ ಮುಂದೆ ತೆರೆದು ಮುಚ್ಚುವ ಪರದೆ) ಇಲ್ಲ. ಚಿತ್ರದ ಗುಣಮಟ್ಟ ನೋಡಿ ಆರಿಸಲು ಹೊರಟರೆ ತೀರ್ಮಾನವೇ ಆಗದು, ಕೈಗೆತ್ತಿಕೊಂಡೇ ನೋಡಬೇಕು.

ಬ್ಯಾಟರಿ, ಕಾರ್ಡ್ ಸೇರಿ ಝಡ್ 9 ಸುಮಾರು 1340 ಗ್ರಾಂ, ಝಡ್ 8 ಸುಮಾರು 910 ಗ್ರಾಂ. ಹಗುರವಾದದ್ದೆಲ್ಲ ಹಿಡಿಯಲು ಸುಲಭ ಎಂದುಕೊಳ್ಳಬೇಡಿ. ದೂರದ್ದನ್ನು ಹತ್ತಿರ ತೋರಿಸುವ ಭಾರದ ಟೆಲಿಫೋಟೊ ಲೆನ್ಸ್ ಹಾಕಿದರೆ ಝಡ್ 8ರ ಮುಂಭಾಗ ಕೆಳಕ್ಕೆ ಎಳೆಯುತ್ತದೆ, ಮಣಿಕಟ್ಟು ಬೇಗ ಸೋಲುತ್ತದೆ. ಝಡ್ 9ರಲ್ಲಿ ಆ ಭಾರ ಸಮತೋಲನಕ್ಕೆ ಬರುತ್ತದೆ. ಲಂಬ ಚೌಕಟ್ಟಿಗೆ ತಿರುಗಿಸಿದಾಗಲೂ ಅದರ ಕೆಳಭಾಗದಲ್ಲೇ ಇರುವ ಹಿಡಿಯ ಎರಡನೇ ಶಟರ್ ಬಟನ್ ಬೆರಳಿಗೇ ಸಿಗುವುದರಿಂದ ಮೊಣಕೈ ಮೇಲೆತ್ತಬೇಕಿಲ್ಲ. ಕ್ರೀಡೆ, ವನ್ಯಜೀವಿ ತೆಗೆಯುವವರಿಗೆ ಇದು ದೊಡ್ಡ ಅನುಕೂಲ. 35 ಅಥವಾ 50 ಮಿ.ಮೀ. ಲೆನ್ಸ್ ಹಾಕಿಕೊಂಡು ದಿನವಿಡೀ ಓಡಾಡುವವರಿಗೂ ಗಿಂಬಲ್ (ವಿಡಿಯೊ ಅಲುಗದಂತೆ ಹಿಡಿಯುವ ಸಾಧನ) ಬಳಸುವವರಿಗೂ ಝಡ್ 8 ಒಳ್ಳೆಯದು.

ಬ್ಯಾಟರಿಯಲ್ಲಿ ಝಡ್ 9 ಸ್ಪಷ್ಟವಾಗಿ ಮುಂದು: 3300 ಎಂಎಎಚ್. ಝಡ್ 8ರದ್ದು 2280; ಇಡೀ ದಿನದ ಕೆಲಸಕ್ಕೆ ಕನಿಷ್ಠ ಎರಡು ಹೆಚ್ಚುವರಿ ಬ್ಯಾಟರಿ ಇರಲಿ.

ಝಡ್ 9ರ ಎರಡೂ ಕಾರ್ಡ್ ಸ್ಲಾಟ್‌ಗಳು ಸಿಎಫ್ಎಕ್ಸ್‌ಪ್ರೆಸ್ ಬಿ, ಅಂದರೆ ಎಸ್‌ಡಿಗಿಂತ ಬಹಳ ವೇಗದ ಮೆಮೊರಿ ಕಾರ್ಡ್‌ನವು. ಝಡ್ 8ರಲ್ಲಿ ಅದು ಒಂದು, ಎಸ್‌ಡಿ ಒಂದು. ಇಲ್ಲೊಂದು ತೊಡಕಿದೆ: ಎರಡೂ ಕಾರ್ಡ್‌ಗೆ ಒಟ್ಟಿಗೆ ಬರೆಯುವಂತೆ ಇಟ್ಟರೆ ವೇಗ ಎಸ್‌ಡಿಯ ಮಟ್ಟಕ್ಕೆ ಇಳಿಯುತ್ತದೆ, ಬರ್ಸ್ಟ್ (ಒಂದೇ ಸಮನೆ ಸರಣಿ ಚಿತ್ರ ತೆಗೆಯುವುದು) ನಡುವೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಮೆಮೊರಿ) ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ. ಪ್ರತಿ ಫ್ರೇಮಿಗೂ ಬ್ಯಾಕಪ್ ಬೇಕೇಬೇಕು ಎನ್ನುವವರು ಝಡ್ 9ನ್ನೇ ನೋಡಲಿ.

ಲಂಬ ಹಿಡಿತ ಅಪರೂಪಕ್ಕೆ ಸಾಕೆಂದರೆ ಝಡ್ 8ಕ್ಕೆ ಎಂಬಿ-ಎನ್12 ಗ್ರಿಪ್ (ಕೆಳಗೆ ಸೇರಿಸುವ ಹೆಚ್ಚುವರಿ ಹಿಡಿ) ಜೋಡಿಸಬಹುದು. ಅದನ್ನು ಎಂದೂ ಬಿಚ್ಚುವುದಿಲ್ಲವೆಂದಾದರೆ ತೂಕದ ಲಾಭ ಬಹುಪಾಲು ಹೋದಂತೆಯೇ.