ಆಲ್ತೊ ಆದಿಜೆ: ಟೆರ್ಲಾನೋದ ಬಿಳಿಯೋ, ಬೊಲ್ಜಾನೋದ ಕೆಂಪೋ?

ಇಟಲಿಯ ಉತ್ತರ ಭಾಗದಲ್ಲಿ, ಆಲ್ಪ್ಸ್ ಮಡಿಲಲ್ಲಿರುವ ಆಲ್ತೊ ಆದಿಜೆಗೆ ಹೋಗಿ ಒಂದೇ ಬಾಟಲಿ ವೈನ್ ತರುವುದಾದರೆ ಯಾವುದು? ನನ್ನ ಓಟು ಕಾಂತೀನಾ ಟೆರ್ಲಾನೋದ ಪಿನೋ ಬಿಯಾಂಕೋ ಎಂಬ ದ್ರಾಕ್ಷಿಯ ಬಿಳಿ ವೈನ್‌ಗೆ. 1893ರಲ್ಲಿ ಶುರುವಾದ ಈ ಬೆಳೆಗಾರರ ಸಹಕಾರ ಸಂಘದ ತೋಟಗಳು ಕೆಂಪು ಜ್ವಾಲಾಮುಖಿ ಕಲ್ಲಿನ ಇಳಿಜಾರಿನಲ್ಲಿವೆ. ಹಗಲು ಚುರುಕು ಬಿಸಿಲು, ರಾತ್ರಿ ಚಳಿ. ಹಾಗಾಗಿ ಹಣ್ಣು ಚೆನ್ನಾಗಿ ಮಾಗಿದರೂ ಹುಳಿ ಉಳಿಯುತ್ತದೆ. ಇದೇ ದ್ರಾಕ್ಷಿಯ ಇವರ ‘ಫೋರ್ಬರ್ಗ್’ ರಿಸೆರ್ವಾ (ಹೆಚ್ಚು ಕಾಲ ಮಾಗಿಸಿದ ವೈನ್) ಗ್ಲಾಸಿಗೆ ಸುರಿದ ಕೂಡಲೇ ಅಷ್ಟೇನೂ ಘಮ ಕೊಡುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿ: ಸೇಬು, ಮರಸೇಬು, ಕೊನೆಗೆ ಉಪ್ಪಿನ ಒಂದು ಎಳೆ. 10 ವರ್ಷ ಇಟ್ಟರೂ ಸೊರಗದ ಬಿಳಿ ವೈನ್ ಸಿಗುವುದು ಅಪರೂಪ, ಅಲ್ವಾ?

ಘಮವೇ ಮುಖ್ಯ ಅನ್ನುವವರು ಟ್ರಾಮಿನ್ ಊರಿನ ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನ್ ತೆಗೆದುಕೊಳ್ಳಿ. ಗುಲಾಬಿ, ಲಿಚಿ ಪರಿಮಳ ಮೂಗಿಗೆ ರಾಚುತ್ತದೆ. ಹುಳಿ ಕಡಿಮೆ, ಆಲ್ಕೋಹಾಲ್ ಜಾಸ್ತಿ. ಮಸಾಲೆ ಊಟಕ್ಕೆ ಚೆನ್ನಾಗಿ ಒಗ್ಗುತ್ತದೆ.

ಕೆಂಪು ಬೇಕೆಂದರೆ ಬೊಲ್ಜಾನೋ ಕಡೆ ನೋಡಿ. ಅಲ್ಲಿನ ಲಾಗ್ರೈನ್ ದ್ರಾಕ್ಷಿಯ ವೈನ್ ಗಾಢ, ಒಗರು. ಮಾಂಸದ ಅಡುಗೆಗೆ ಅದೇ ಸರಿ. ಸುಮ್ನೆ ಸಂಜೆ ಹೊತ್ತಿಗೆ ಕುಡಿಯಲು ಸ್ಕಿಯಾವಾ ದ್ರಾಕ್ಷಿಯ ಸಾಂತಾ ಮದ್ದಲೇನಾ ಸಾಕು. ಹಗುರ ವೈನ್, ತುಸು ತಂಪು ಮಾಡಿ ಕುಡಿಯಿರಿ.