‘ಕೈ ಪಳಗಿಲ್ಲ’ ಅಂದರೆ ನಂಬಬೇಡಿ, ಮೊದಲು ಬಟ್ಟೆ ನೋಡಿ: ಪಂಚ್ ನೀಡಲ್ ಕಲಿಯುವವರಿಗೆ ಎಚ್ಚರಿಕೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಪಂಚ್ ನೀಡಲ್ ಕಸೂತಿ ಕಲಿಯಬೇಕು ಅಂತ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ದಿನದ ತರಬೇತಿ, ಅದರ ಜೊತೆ ಕಿಟ್, ಆಮೇಲೆ ‘ನೀವು ಮಾಡಿದ್ದನ್ನೆಲ್ಲ ನಾವೇ ಕೊಂಡುಕೊಳ್ಳುತ್ತೇವೆ’ ಅನ್ನುವ ಮಾತು. ಈ ಮೂರನ್ನೂ ಒಬ್ಬರೇ ಹೇಳುತ್ತಿದ್ದರೆ ದುಡ್ಡು ಕೊಡಬೇಡಿ. ನಾನು, ನಮ್ಮ ಅತ್ತಿಗೆ, ನಮ್ಮ ಬೀದಿಯ ಇನ್ನೂ ಕೆಲವರು ಕೊಟ್ಟು ಕಳೆದುಕೊಂಡಿದ್ದೇವೆ. ದುಡ್ಡು ಹೋಗಿದ್ದು ಒಂದು ಕಡೆ, ಕಲಿಯಬೇಕು ಅಂತ ಆಸೆಯಿಂದ ಬಂದ ಎಷ್ಟೋ ಹೆಂಗಸರು ‘ನನ್ನ ಕೈಲಿ ಇದು ಆಗಲ್ಲ’ ಅಂತ ಸೂಜಿ ಎತ್ತಿಟ್ಟುಬಿಟ್ಟರಲ್ಲ, ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಅದಕ್ಕೆ.

ಗೊತ್ತಿಲ್ಲದವರಿಗೆ ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಪಂಚ್ ನೀಡಲ್ ಅಂದರೆ ಒಳಗೆ ಟೊಳ್ಳು ಇರುವ ಸೂಜಿ, ಹಿಡಿಯಲು ಪೆನ್ನಿನಷ್ಟು ಅಥವಾ ಅದಕ್ಕಿಂತ ದಪ್ಪನೆಯ ಹಿಡಿ. ದಾರ ಹಿಡಿಯ ಹಿಂದಿನಿಂದ ಒಳಗೆ ಹೋಗಿ ತುದಿಯಲ್ಲಿರುವ ಕಣ್ಣಿನಿಂದ ಆಚೆ ಬರುತ್ತದೆ. ರಿಂಗಿಗೆ ಬಿಗಿದ ಬಟ್ಟೆಗೆ ಹಿಡಿ ತಾಗುವವರೆಗೆ ಚುಚ್ಚಬೇಕು, ಮೇಲೆ ತರಬೇಕು, ತುದಿಯನ್ನು ಬಟ್ಟೆಯಿಂದ ಎತ್ತದೆ ಸ್ವಲ್ಪ ಪಕ್ಕಕ್ಕೆ ಜರುಗಿಸಿ ಮತ್ತೆ ಚುಚ್ಚಬೇಕು. ಹಾಗೆ ಹೋದ ಹಾಗೆ ಬಟ್ಟೆಯ ಆ ಕಡೆ ಸಾಲಾಗಿ ಕುಣಿಕೆಗಳು ನಿಲ್ಲುತ್ತವೆ. ಗಂಟು ಅಂತ ಎಲ್ಲೂ ಹಾಕುವುದಿಲ್ಲ. ಸೂಜಿ ಒಳಗೆ ಹೋದಾಗ ಬಟ್ಟೆಯ ಎಳೆಗಳು ಆಚೀಚೆ ಸರಿಯುತ್ತವೆ, ಸೂಜಿ ಹೊರಗೆ ಬಂದಾಗ ಮತ್ತೆ ಹತ್ತಿರ ಬಂದು ದಾರವನ್ನು ಅಪ್ಪಿ ಹಿಡಿಯುತ್ತವೆ. ಇಡೀ ಕೆಲಸ ನಿಂತಿರುವುದು ಆ ಹಿಡಿತದ ಮೇಲೆ. ಅಂದರೆ ಬಟ್ಟೆ ಸರಿ ಇಲ್ಲ ಅಂದರೆ ಯಾರ ಕೈಯಲ್ಲೂ ಇದು ಆಗುವುದಿಲ್ಲ.

ನಮ್ಮ ಮೊಬೈಲಿಗೆ ಬಂದ ಪೋಸ್ಟರ್‌ನಲ್ಲಿ ‘ಮಲೆನಾಡಿನ ಹಸೆ ಚಿತ್ತಾರ ಈಗ ಪಂಚ್ ನೀಡಲ್‌ನಲ್ಲಿ, ಹೊಸಬರಿಗೂ ಸುಲಭ, ಮನೆಯಲ್ಲೇ ಕೂತು ಸಂಪಾದಿಸಿ’ ಅಂತ ಇತ್ತು. ಕಿಟ್ ಸೇರಿ 1,800 ರೂಪಾಯಿ. ಒಂದು ಬಾಡಿಗೆ ಹಾಲ್‌ನಲ್ಲಿ ತರಬೇತಿ. ಹೊಸನಗರದ ಕಡೆಯಿಂದ ಒಬ್ಬರು ಕೊಟ್ಟಿಗೆ ಕೆಲಸ ಮುಗಿಸಿ ಮೊದಲ ಬಸ್ಸು ಹಿಡಿದು ಬಂದಿದ್ದರು. ನಮ್ಮ ಜಿಲ್ಲೆಯಲ್ಲಿ ಇಂಥ ಮಾತನ್ನು ಜನ ನಂಬುವುದಕ್ಕೆ ಕಾರಣವೂ ಇದೆ. ಸಾಗರದ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಕೈಮಗ್ಗ, ನೈಸರ್ಗಿಕ ಬಣ್ಣದ ಕೆಲಸದಿಂದ ದುಡಿಮೆ ಕಂಡುಕೊಂಡಿದ್ದನ್ನು ನಾವೆಲ್ಲ ನೋಡಿದ್ದೇವೆ. ದೀವರ ಮನೆಗಳ ಹೆಂಗಸರು ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ಎಲ್ಲೆಲ್ಲಿಗೋ ಹೋಗಿದೆ. ಕೈಕೆಲಸಕ್ಕೆ ಬೆಲೆ ಇದೆ ಅನ್ನುವ ಆ ನಂಬಿಕೆಯನ್ನೇ ಇವರು ಬಂಡವಾಳ ಮಾಡಿಕೊಂಡರು.

ಹಾಲ್‌ನಲ್ಲಿ ಕಲಿಸಿದವರ ಕೈ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಟಕಟಕ ಅಂತ ಚುಚ್ಚುತ್ತಾ ಹೋದರು, ಆ ಕಡೆ ಒತ್ತೊತ್ತಾಗಿ ಕುಣಿಕೆ ಬಂತು, ಎಲ್ಲರೂ ಫೋಟೋ ತೆಗೆದುಕೊಂಡೆವು. ಮಧ್ಯಾಹ್ನದ ಮೇಲೆ ನಮ್ಮ ಕಿಟ್ ಬಿಚ್ಚಿ ಕೂತರೆ ಒಬ್ಬರಿಗೂ ಒಂದು ಸಾಲು ನಿಲ್ಲುತ್ತಿಲ್ಲ. ಕೆಲವರ ಸೂಜಿ ಬಟ್ಟೆಯೊಳಗೆ ಹೋಗುವುದೇ ಇಲ್ಲ. ಬಲವಾಗಿ ಒತ್ತಿದರೆ ಪಟ್ ಅಂತ ಸದ್ದು ಬರುತ್ತದೆ, ತೆಗೆದರೆ ತೂತು ಹಾಗೇ ಉಳಿಯುತ್ತದೆ. ಮುಂದಿನ ಚುಚ್ಚಿಗೆ ಹಿಂದಿನ ಕುಣಿಕೆ ಎದ್ದು ಬರುತ್ತದೆ. ಕೇಳಿದರೆ ‘ಮೇಡಂ, ನಿಮ್ಮ ಕೈ ಇನ್ನೂ ಪಳಗಿಲ್ಲ, ಮನೆಯಲ್ಲಿ ಅಭ್ಯಾಸ ಮಾಡಿ’ ಅಂದರು. ಎಲ್ಲರಿಗೂ ಅದೇ ಉತ್ತರ.

ಮನೆಗೆ ಬಂದು ಅಮ್ಮನಿಗೆ ತೋರಿಸಿದೆ. ಅಮ್ಮ ತಮ್ಮ ಕಾಲದಲ್ಲಿ ಮ್ಯಾಟಿ ಬಟ್ಟೆ, ಅಂದರೆ ಎಳೆಗಳ ನಡುವೆ ತೂತು ಎದ್ದು ಕಾಣುವ ದಪ್ಪ ನೇಯ್ಗೆಯ ಬಟ್ಟೆ ಮೇಲೆ ಕ್ರಾಸ್ ಸ್ಟಿಚ್ ಮಾಡುತ್ತಿದ್ದವರು. ರಿಂಗಿನಿಂದ ಬಟ್ಟೆ ಬಿಡಿಸಿ ಕಿಟಕಿ ಬೆಳಕಿಗೆ ಹಿಡಿದರು. ಎಳೆಗಳ ನಡುವೆ ಒಂದು ಚುಕ್ಕೆ ಬೆಳಕೂ ಕಾಣಲಿಲ್ಲ. ಅಂಚಿನಿಂದ ಒಂದು ಎಳೆ ಎಳೆದು ನೋಡಿದರು, ಕೂದಲಿಗಿಂತ ಸ್ವಲ್ಪ ದಪ್ಪ, ಎಳೆದರೆ ತುಂಡಾಯಿತು. ‘ಇದು ಲಂಗದ ಬಟ್ಟೆ ಕಣೆ, ಇದರಲ್ಲಿ ಆ ಸೂಜಿಗೆ ಜಾಗ ಎಲ್ಲಿದೆ?’ ಅಂದರು. ಸೂಜಿ ಎಳೆಗಳನ್ನು ಸರಿಸುತ್ತಿರಲಿಲ್ಲ, ಕತ್ತರಿಸುತ್ತಿತ್ತು. ಕತ್ತರಿಸಿದ ಎಳೆ ಮತ್ತೆ ಕೂಡಿಕೊಂಡು ದಾರ ಹಿಡಿಯುವುದು ಹೇಗೆ?

ಆಮೇಲೆ ಹಾಲ್‌ನಲ್ಲಿ ತೆಗೆದ ಫೋಟೋ ದೊಡ್ಡದು ಮಾಡಿ ನೋಡಿದೆ. ಕಲಿಸಿದವರ ರಿಂಗಿನಲ್ಲಿ ಇದ್ದ ಬಟ್ಟೆಯೇ ಬೇರೆ. ಎರಡೆರಡು ಎಳೆ ಜೋಡಿಯಾಗಿ ನೇಯ್ದು, ಚೌಕ ಚೌಕವಾಗಿ ತೂತು ಎದ್ದು ಕಾಣುವ ಬಟ್ಟೆ. ಅವರ ಸೂಜಿಯೂ ಬೇರೆ, ಮರದ ಹಿಡಿಯದ್ದು. ನಮಗೆ ಮಾರಿದ್ದು ಪ್ಲಾಸ್ಟಿಕ್ಕಿನದು. ಅಂದರೆ ಯಾವ ಬಟ್ಟೆಯಲ್ಲಿ ಕೆಲಸ ಆಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಲ್ವಾ? ಗೊತ್ತಿದ್ದೂ ನಮಗೆ ಬೇರೆ ಕೊಟ್ಟು, ಕೈ ಪಳಗಿಲ್ಲ ಅಂದರು. ಇದು ನನಗೆ ಈಗಲೂ ಅರಗುತ್ತಿಲ್ಲ.

ಅಮ್ಮ ಟ್ರಂಕಿನಿಂದ ಹಳೆಯ ಮ್ಯಾಟಿ ಬಟ್ಟೆಯ ತುಂಡೊಂದನ್ನು ತೆಗೆದುಕೊಟ್ಟರು. ನಮ್ಮ ಅತ್ತಿಗೆಯ ಸೂಜಿ ಹೇಗೋ ಸರಿ ಇತ್ತು. ಸ್ವೆಟರ್ ಹಾಕಿ ಉಳಿದಿದ್ದ ಉಲ್ಲನ್ ಪೋಣಿಸಿ ಕೂತರು. ಅದೇ ಸೂಜಿ, ಅದೇ ಕೈ, ‘ಪಳಗಿಲ್ಲ’ ಅನ್ನಿಸಿಕೊಂಡ ಕೈ. ಸಾಲು ಸಾಲಾಗಿ ಕುಣಿಕೆ ನಿಂತವು. ಬೆರಳಿನಿಂದ ಉಜ್ಜಿದರೂ ಅಲುಗಲಿಲ್ಲ. ಅತ್ತಿಗೆ ಏನೂ ಮಾತಾಡದೆ ಇಡೀ ತುಂಡು ತುಂಬಿಸಿಯೇ ಎದ್ದರು.

ಬಟ್ಟೆ ಒಂದೇ ಅಲ್ಲ, ಕಿಟ್‌ನಲ್ಲಿ ಇದ್ದ ಪ್ರತಿಯೊಂದೂ ಹಾಗೇ. ಬಟ್ಟೆ ಮೇಲೆ ಅಚ್ಚು ಹಾಕಿದ್ದ ಹಸೆಯ ನಕ್ಷೆಯನ್ನೇ ನೋಡಿ. ಹಸೆ ಚಿತ್ತಾರವನ್ನು ಬರೆಯುವುದು ಪುಂಡಿ ನಾರಿನ ಕುಂಚದಿಂದ, ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಅದರ ಅಂದವೇ ಆ ಸಣ್ಣ ಗೆರೆ, ಒಂದರ ಪಕ್ಕ ಒಂದು. ದಪ್ಪ ಉಲ್ಲನ್ನಿನ ಕುಣಿಕೆಯಲ್ಲಿ ಒಂದು ಗೆರೆ ಅಂದರೆ ಕಡಿಮೆ ಅಂದರೂ ಒಂದು ಕುಣಿಕೆಯಷ್ಟು ಅಗಲ ಬರುತ್ತದೆ, ಪಕ್ಕದ ಸಾಲು ಉಬ್ಬಿ ಅದರ ಮೇಲೆ ಬೀಳುತ್ತದೆ. ಅಂಗೈಯಗಲದ ನಕ್ಷೆಯಲ್ಲಿ ಅದು ಬರೀ ಮುದ್ದೆ. ದೊಡ್ಡದಾಗಿ ಬಿಡಿಸಿದರೆ, ಅಥವಾ ಸಣ್ಣ ಸೂಜಿ, ಸಣ್ಣ ದಾರ ಬಳಸಿದರೆ ಆಗಬಹುದು. ಹೊಸಬರಿಗೆ ಸುಲಭ ಅಂತ ಆ ಅಳತೆಯಲ್ಲಿ ಕೊಡುವಂಥದ್ದು ಅದಲ್ಲ. ಇನ್ನೊಂದು ವಿಷಯ ಕೇಳಿ. ಕುಣಿಕೆ ಬರುವುದು ಚುಚ್ಚುವ ಕಡೆ ಅಲ್ಲ, ಆ ಕಡೆ. ಆದ್ದರಿಂದ ಕುಣಿಕೆಯ ಕಡೆ ಚಿತ್ರ ಎಡಬಲ ತಿರುಗಿ ಬರುತ್ತದೆ. ನನ್ನ ಪಕ್ಕ ಕೂತಿದ್ದ ಹುಡುಗಿಯ ಬಟ್ಟೆಯಲ್ಲಿ ‘ಸ್ವಾಗತ’ ಅಂತ ನೇರವಾಗಿ ಅಚ್ಚಾಗಿತ್ತು. ಕುಣಿಕೆಯ ಕಡೆ ಅಕ್ಷರವೆಲ್ಲ ಉಲ್ಟಾ. ಅಕ್ಷರ ಇದ್ದರೆ ತಿರುಗಿಸಿ ಬರೆದುಕೊಳ್ಳಬೇಕು, ಇಲ್ಲವೇ ಚುಚ್ಚುವ ಕಡೆಯ ಚಪ್ಪಟೆ ಹೊಲಿಗೆಯನ್ನೇ ಮುಂಭಾಗ ಮಾಡಬೇಕು. ಅದನ್ನು ಹೇಳಿಕೊಡುವವರೇ ಇರಲಿಲ್ಲ.

ಉಲ್ಲನ್ ಸೂಜಿಯ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ದಾರ ಒಂದಿಷ್ಟೂ ಬಿಗಿಯಾಗದೆ ತಾನಾಗಿ ಜಾರುತ್ತಾ ಬರಬೇಕು, ಇಲ್ಲದಿದ್ದರೆ ಪ್ರತಿ ಕುಣಿಕೆಯನ್ನೂ ಅದೇ ಹಿಂದಕ್ಕೆ ಎಳೆದುಕೊಳ್ಳುತ್ತದೆ. ನನ್ನ ಸೂಜಿಯ ಕಣ್ಣಿನ ಅಂಚು ಎಷ್ಟು ಒರಟಾಗಿತ್ತು ಅಂದರೆ ಉಲ್ಲನ್ ಹಿಂಜಿ ಬರುತ್ತಿತ್ತು. ಆಷಾಢದ ಮಳೆಯಲ್ಲಿ ಕೆಲವೇ ದಿನಕ್ಕೆ ತುಕ್ಕು ಹಿಡಿದು ಬಟ್ಟೆ ಮೇಲೆ ಕಂದು ಕಲೆ ಬಿತ್ತು. ರಿಂಗಿನ ತಿರುಪು ಪೂರ್ತಿ ತಿರುಗಿಸಿದರೂ ಬಟ್ಟೆ ಜೋಲುತ್ತಿತ್ತು. ಈ ಕೆಲಸಕ್ಕೆ ಬಟ್ಟೆ ಚಂಡೆಯ ಚರ್ಮದ ಹಾಗೆ ಬಿಗಿಯಾಗಿ ಇರಬೇಕು, ಬೆರಳಲ್ಲಿ ತಟ್ಟಿದರೆ ಗೊತ್ತಾಗಬೇಕು. ದಾರ ಪೋಣಿಸುವ ತಂತಿ ಮೊದಲ ದಿನವೇ ಮುರಿಯಿತು. ಹಿಂಬದಿಗೆ ಬಳಿಯಲು ಕೊಟ್ಟ ಬಿಳಿ ಅಂಟು ನಮ್ಮ ಮಳೆಗಾಲದಲ್ಲಿ ಒಣಗಲೇ ಇಲ್ಲ, ಬೂಷ್ಟು ಹಿಡಿಯಿತು.

ಇನ್ನು ಕೊಂಡುಕೊಳ್ಳುವ ಮಾತು. ಒಂದು ಕೋಸ್ಟರ್‌ಗೆ, ಅಂದರೆ ಲೋಟದ ಕೆಳಗೆ ಇಡುವ ಸಣ್ಣ ಮ್ಯಾಟ್‌ಗೆ, 120 ರೂಪಾಯಿ ಅಂತ ಹೇಳಿದ್ದರು. ಆ ಬಟ್ಟೆಯಲ್ಲೇ ಹೇಗೋ ಒದ್ದಾಡಿ, ಅಂಟಿನಲ್ಲಿ ಕುಣಿಕೆ ನಿಲ್ಲಿಸಿ ಕೆಲವರು ಮಾಡಿಕೊಟ್ಟರು. ‘ಕುಣಿಕೆ ಒಂದೇ ಸಮ ಇಲ್ಲ, ಫಿನಿಶಿಂಗ್ ಸಾಲದು. ಎರಡನೇ ಹಂತದ ಕಿಟ್ ತಗೊಂಡು ಕಲಿಯಿರಿ, ಆಮೇಲೆ ತಗೋತೀವಿ’ ಅಂದರು. ಅದಕ್ಕೆ 3,500. ಅಲ್ಲಿಗೆ ನನಗೆ ಪೂರ್ತಿ ಅರ್ಥವಾಯಿತು. ಅವರ ವ್ಯಾಪಾರ ಕೋಸ್ಟರ್‌ನದ್ದಲ್ಲ, ಕಿಟ್‌ನದ್ದು. ಬಟ್ಟೆಯ ವಿಷಯ ತರಬೇತಿಯವರ ಮೊಬೈಲ್ ಗುಂಪಿನಲ್ಲಿ ಕೇಳಿದ ತಕ್ಷಣ ನನ್ನನ್ನು ತೆಗೆದುಹಾಕಿದರು. ಹೊಸನಗರದ ಆ ಅಕ್ಕ ಫೋನ್ ಮಾಡಿದಾಗ ‘ಬಿಡಿ, ನನ್ನ ಕೈಗೆ ಇದೆಲ್ಲ ಹತ್ತಲ್ಲ’ ಅಂದರು. ಹಾಗಲ್ಲ ಅಕ್ಕ, ಬಟ್ಟೆ ಮೋಸದ್ದು ಅಂತ ಹೇಳಿ ನಂಬಿಸುವಷ್ಟರಲ್ಲಿ ಸಾಕಾಯಿತು.

ನೀವು ಕಲಿಯುವುದನ್ನು ಬಿಡಬೇಡಿ. ಸುಮ್ನೆ ಕಿಟ್ ತಗೊಳ್ಳಬೇಡಿ, ಅಷ್ಟೇ. ಬಿಡಿಬಿಡಿಯಾಗಿ ತಗೊಳ್ಳಿ. ಮೊದಲು ಸೂಜಿ ಯಾವುದು ಅಂತ ನಿರ್ಧರಿಸಿ, ಆಮೇಲೆ ಅದಕ್ಕೆ ತಕ್ಕ ದಾರ, ದಾರಕ್ಕೆ ತಕ್ಕ ಬಟ್ಟೆ. ಉಲ್ಲನ್ ಹಿಡಿಯುವ ದಪ್ಪ ಸೂಜಿಗೆ ಮ್ಯಾಟಿ ಥರದ ಬಟ್ಟೆ ಬೇಕು. ಹೊರದೇಶದಲ್ಲಿ ಇದಕ್ಕೆ ಮಾಂಕ್ಸ್ ಕ್ಲಾತ್ ಅನ್ನುವ ಬಟ್ಟೆ ಬಳಸುತ್ತಾರೆ, ಇಂಚಿಗೆ 12-13 ತೂತು ಇರುತ್ತದೆ. ಅಂಗಡಿಯಲ್ಲಿ ಸಿಗುವ ಮೂರು ತುದಿಯ ಪೆನ್, ಅಂದರೆ 1.3, 1.6, 2.2 ಮಿಲಿಮೀಟರಿನ ತುದಿ ಇರುವುದು, ಸ್ವೆಟರಿನ ದಪ್ಪ ಉಲ್ಲನ್‌ಗೆ ಆಗುವುದಿಲ್ಲ. ಅದಕ್ಕೆ ಲಡಿಯಲ್ಲಿ ಸಿಗುವ ಆರು ಎಳೆಯ ಕಸೂತಿ ದಾರ ಬೇಕು, ಬಟ್ಟೆಯೂ ಮ್ಯಾಟಿಗಿಂತ ಸಣ್ಣ ನೇಯ್ಗೆಯದ್ದು ಬೇಕು. ಹಿಗ್ಗುವ ಬಟ್ಟೆ ಯಾವುದಕ್ಕೂ ಬೇಡ.

ಅಂಗಡಿಯಲ್ಲಿ ಬಟ್ಟೆ ಕೊಳ್ಳುವಾಗ ಸೂಜಿ ಜೊತೆಗೇ ತಗೊಂಡು ಹೋಗಿ. ಮೂಲೆಯಲ್ಲಿ ಒಮ್ಮೆ ಚುಚ್ಚಿ ತೆಗೆಯುತ್ತೇನೆ ಅಂತ ಕೇಳಿ. ಚುಚ್ಚಿದ ಜಾಗವನ್ನು ಉಗುರಿನಿಂದ ಮೆಲ್ಲಗೆ ಉಜ್ಜಿ. ಎಳೆಗಳು ಸರಿದು ತೂತು ಮುಚ್ಚಿದರೆ ಬಟ್ಟೆ ಸರಿ ಇದೆ, ತೂತು ಹಾಗೇ ಉಳಿದರೆ ಎಳೆ ಕಡಿದಿದೆ ಅಂತ ಅರ್ಥ, ಬೇಡ ಅನ್ನಿ. ದಾರ ಪೋಣಿಸಿ ಎರಡು ಬೆರಳಲ್ಲಿ ಎಳೆದು ನೋಡಿ, ತಡೆ ಇಲ್ಲದೆ ಬರಬೇಕು. ರಿಂಗ್ ಜಾರಿದರೆ ಒಳಗಿನ ಬಳೆಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ, ಹಿಡಿತ ಬರುತ್ತದೆ. ಅದಕ್ಕಿಂತ ಒಳ್ಳೆಯದು ಮರದ ಚೌಕಟ್ಟು. ಬಡಗಿಯ ಹತ್ತಿರ ನಾಲ್ಕು ಪಟ್ಟಿ ಕೂಡಿಸಿಕೊಂಡು ಬಟ್ಟೆಯನ್ನು ಎಳೆದು ಪಿನ್ ಹೊಡೆದರೆ ಸಾಕು. ಕೆಲಸ ಮುಗಿದ ಮೇಲೆ ಸೂಜಿ ಒರೆಸಿ ಡಬ್ಬಿಯಲ್ಲಿಡಿ, ನಮ್ಮ ಕಡೆಯ ಥಂಡಿಗೆ ಯಾವ ಸೂಜಿಯೂ ತಡೆಯುವುದಿಲ್ಲ.

ತರಬೇತಿಗೆ ಹೋಗುವುದಾದರೆ, ಕಲಿಸುವವರು ನಮ್ಮ ಕಿಟ್‌ನ ಸೂಜಿ, ನಮ್ಮ ಕಿಟ್‌ನ ಬಟ್ಟೆಯಲ್ಲೇ ಒಂದು ಸಾಲು ಮಾಡಿ ತೋರಿಸಲಿ ಅಂತ ದುಡ್ಡು ಕೊಡುವ ಮುಂಚೆ ಕೇಳಿ. ನೆಟ್ಟಗಿರುವವರು ಖಂಡಿತ ಮಾಡಿ ತೋರಿಸುತ್ತಾರೆ.

ಪೆಟ್ಟಿಗೆಯನ್ನೂ ತಿರುಗಿಸಿ ನೋಡಿ. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ಎಂಆರ್‌ಪಿ, ದೂರು ಹೇಳುವ ನಂಬರ್ ಇರಬೇಕು ಅಂತ 2011ರ ನಿಯಮವೇ ಇದೆ. ನಮ್ಮದರ ಮೇಲೆ ಬರೀ ಹೂವಿನ ಸ್ಟಿಕರ್ ಇತ್ತು, ಬಿಲ್ಲೂ ಕೊಡಲಿಲ್ಲ. ನಾವು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಟ್ಟಿದ್ದೇವೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 5 ಲಕ್ಷದ ಒಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ನೀವೂ ಇಂಥದ್ದೇ ತರಬೇತಿಗೆ ದುಡ್ಡು ಕೊಟ್ಟಿದ್ದರೆ ಪೋಸ್ಟರ್, ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಮೆಸೇಜು ಯಾವುದನ್ನೂ ಅಳಿಸಬೇಡಿ. ಹರಿದ ಬಟ್ಟೆಯನ್ನೂ ಬಿಸಾಡಬೇಡಿ, ದೂರಿಗೆ ಅದೇ ದೊಡ್ಡ ಸಾಕ್ಷಿ.