ಲಿವರಿ ಲಾಯ: ಬರೀ ಜಾಗ ಕೊಡೋದೋ, ಪೂರ್ತಿ ಚಾಕರಿಯೋ?

ಇಂಗ್ಲೆಂಡಿನಲ್ಲಿ ಬಾಡಿಗೆ ಪಡೆದು ಬೇರೆಯವರ ಕುದುರೆ ಇಟ್ಟುಕೊಳ್ಳುವ ಲಾಯ, ಅಂದರೆ ಲಿವರಿ, ಶುರುಮಾಡುವವರು ಮೊದಲು ತೀರ್ಮಾನಿಸಬೇಕಾದದ್ದು ಇದು. ಡಿಐವೈ (‘ನೀವೇ ಮಾಡಿಕೊಳ್ಳಿ’) ಲಿವರಿಯಲ್ಲಿ ನೀವು ಕೊಡುವುದು ಲಾಯ, ಮೇಯುವ ಬಯಲು, ನೀರು. ಉಳಿದದ್ದು ಕುದುರೆ ಮಾಲೀಕರ ಪಾಡು. ಫುಲ್ ಲಿವರಿಯಲ್ಲಿ ಲದ್ದಿ ಬಾಚುವುದರಿಂದ ಹಿಡಿದು ಲಾಳ ಕಟ್ಟುವವರನ್ನು ಕರೆಸುವವರೆಗೆ ಎಲ್ಲ ನಿಮ್ಮ ತಲೆಮೇಲೆ.

ಡಿಐವೈ ಸುಲಭ ಅನ್ನಿಸುತ್ತದೆ, ಅಲ್ವಾ? ಬಾಡಿಗೆ ಕಮ್ಮಿ ಬಂದರೂ ಕೆಲಸದವರ ಸಂಬಳವಿಲ್ಲ. ಆದರೆ ಜನವರಿಯ ಬೆಳಿಗ್ಗೆ ನೋಡಿ. ನಲ್ಲಿ ಹೆಪ್ಪುಗಟ್ಟಿರುತ್ತದೆ, ಗೇಟಿನ ಹತ್ತಿರ ಕಾಲು ಹೂತುಹೋಗುವಷ್ಟು ರಾಡಿ. ಮಾಲೀಕರು ಎಲ್ಲೋ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ. ಆಗಲೇ ಕುದುರೆ ಹೊಟ್ಟೆನೋವಿಗೆ ನೆಲ ಕೆರೆದು ಹೊರಳಾಡಿದರೆ ಸುಮ್ನೆ ನಿಂತು ನೋಡೋಕಾಗುತ್ತಾ? ಬಿಟ್ಟಿ ಚಾಕರಿ ಶುರುವಾಗುವುದೇ ಹೀಗೆ. ಪಶುವೈದ್ಯರಿಗೆ ಯಾರು ಫೋನ್ ಮಾಡಬೇಕು, ಬಿಲ್ ಯಾರದು ಅಂತ ಕರಾರಿನಲ್ಲಿ ಮೊದಲೇ ಬರೆದಿಡಿ.

ಫುಲ್ ಲಿವರಿಯಲ್ಲಿ ಬಾಡಿಗೆ ಜಾಸ್ತಿ, ಖರ್ಚೂ ಜಾಸ್ತಿ. 500 ಕಿಲೊ ತೂಕದ ಕುದುರೆಗೆ ದಿನಕ್ಕೆ ಸುಮಾರು 10 ಕಿಲೊ ಒಣಹುಲ್ಲು ಬೇಕು. ಹತ್ತು ಕುದುರೆಗೆ ಚಳಿಗಾಲದ 5 ತಿಂಗಳಿಗೇ 15 ಟನ್! ಹುಲ್ಲಿನ ಬೆಲೆ ಏರಿದರೆ ಪೆಟ್ಟು ನಿಮಗೇ. ಕ್ರಿಸ್‌ಮಸ್ ದಿನವೂ ರಜೆಯಿಲ್ಲ.

ಬಯಲಿನ ಲೆಕ್ಕ ಎರಡಕ್ಕೂ ಒಂದೇ, ಕುದುರೆಗೆ 1ರಿಂದ 1.5 ಎಕರೆ. ಬೇಸಾಯದ ಜಮೀನಾದರೆ ಅದನ್ನು ಕುದುರೆಗೆ ಬಳಸಲು ಪ್ಲಾನಿಂಗ್ ಅನುಮತಿ ಬೇಕಾ ಅಂತ ಸ್ಥಳೀಯ ಕೌನ್ಸಿಲ್‌ನಲ್ಲಿ ವಿಚಾರಿಸಿ.

ನನ್ನನ್ನು ಕೇಳಿದರೆ, ಒಬ್ಬರೇ ಇರುವವರಿಗೆ ನಾಲ್ಕೈದು ಕುದುರೆಗಳ ಡಿಐವೈ ಸಾಕು. ಬೆಳಗಿನ ಮೇವು ನೀವೇ ಹಾಕುವುದಾದರೆ ಅದಕ್ಕೆ ಮಾತ್ರ ಬೇರೆ ದರ ಇಡಿ.